ಕಾಡು ಉಳಿಸುವವರ ಮರದ ಲೋಡು

"ಇವತ್ತು ಯಾವ ಮರಕ್ಕೆ ಸರಪಳಿ ಸುತ್ಕೊಂಡು ನಿಲ್ತೀರಿ, ಟೀಚರಮ್ಮಾ?" ಮರ ಕೊಯ್ಯುವ ಮಿಲ್ಲಿನ ಮಾಲೀಕ ಪನಾಸ್ ಬಾಗಿಲಲ್ಲೇ ಕೇಳಿದ.

ಸ್ತೆಫಾನಿಯಾ ಹೊಸ್ತಿಲಲ್ಲೇ ನಿಂತಳು. ಕಾಡು ಉಳಿಸುವ ಸಂಘ ಕಟ್ಟಿಕೊಂಡು ವರ್ಷಗಟ್ಟಲೆ ಈ ಮನುಷ್ಯನನ್ನು ಕೋರ್ಟಿಗೆ ಎಳೆದವಳು ಅವಳು. ರಷ್ಯದವರು ದೇಶದೊಳಗೆ ನುಗ್ಗಿದ ಮೇಲೆ ಸಂಘದ ಆಫೀಸಿನಲ್ಲಿ ಸಸಿಗಳ ಜಾಗಕ್ಕೆ ಸೈನಿಕರಿಗೆ ಕಳಿಸುವ ಉಣ್ಣೆ ಕಾಲುಚೀಲ, ಬ್ಯಾಂಡೇಜು, ಮಾಂಸದ ಡಬ್ಬಿಗಳು ಬಂದು ಕೂತಿದ್ದವು. ಈಗ ಯುದ್ಧದ ಕಂದಕದಿಂದ ಲೆವ್ಕೊ ಫೋನ್ ಮಾಡಿದ್ದ. ಹಿಂದೆ ಇದೇ ಕಾಡಿನಲ್ಲಿ ಮರವೇರಿ ಕೂತು ಪೊಲೀಸರನ್ನು ಸುಸ್ತು ಮಾಡಿದ್ದ ಸಂಘದ ಹುಡುಗ. "ಅಕ್ಕಾ, ಕಂದಕದ ಮೇಲೆ ಹಾಸೋಕೆ ಪೈನ್ ದಿಮ್ಮಿ ಬೇಕು. ದಪ್ಪಗಿರ್ಲಿ. ಇಲ್ಲಾಂದ್ರೆ ಶೆಲ್ ಬಿದ್ರೆ ಎಲ್ಲ ನಮ್ ಮೇಲೇ."

"ಮರ ಬೇಕಿತ್ತು," ಎಂದಳು ನೆಲ ನೋಡುತ್ತ.

"ಏನಂದ್ರಿ? ಗರಗಸದ ಸದ್ದಿಗೆ ಕಿವಿ ಹೋಗಿದೆ ನಂದು."

"ಮರ ಬೇಕು ಅಂದೆ! ಲೆವ್ಕೊಗೆ!"

ಪನಾಸನ ನಗು ಅರ್ಧಕ್ಕೇ ನಿಂತಿತು. "ಆ ಕೋತೀಗಾ? ದುಡ್ಡು ಬೇಡ. ಆದ್ರೆ ಯಾವ ಮರ ಅಂತ ನೀವೇ ತೋರಿಸ್ಬೇಕು."

ಕಾಡಿನಲ್ಲಿ ಮೊದಲ ಮರಕ್ಕೆ ಮರಕುಟಿಗನ ಪೊಟರೆ ಅಡ್ಡ ಬಂತು. ಎರಡನೆಯದರಲ್ಲಿ ಬಾವಲಿಗಳು. ಮೂರನೆಯದಕ್ಕೆ ಕಾರಣ ಹೊಳೆಯದೆ, "ಇದಿನ್ನೂ ಚಿಕ್ಕದು," ಎಂದಳು. ಅದು ಇಬ್ಬರು ಸೇರಿ ತಬ್ಬಿದರೂ ತೋಳಿಗೆ ಸಿಗದ ಮರ.

"ಟೀಚರಮ್ಮಾ, ಅಲ್ಲಿ ಹುಡುಗ್ರು ಕಾಯ್ತಾ ಇದಾರೆ."

ಅವಳು ಕಣ್ಣು ಮುಚ್ಚಿ ಅದೇ ಮರದ ಮೇಲೆ ಅಂಗೈ ಇಟ್ಟಳು. ಪನಾಸನ ಆಳಿನ ಗರಗಸ ಅರಚತೊಡಗಿದಾಗ ಓಡಿಹೋಗಬೇಕೆನಿಸಿತು, ಓಡಲಿಲ್ಲ. ಮರ ಉರುಳಿತು. ಆಮೇಲೆ ಬೆರಳು ತಾನಾಗಿಯೇ ತೋರಿಸತೊಡಗಿತು. "ಅದು. ಪಕ್ಕದ್ದೂ. ಏ, ಆ ಡೊಂಕಾಗಿರೋದು ಬೇಡ, ನೇರ ಇರೋದು ಕೊಯ್ಯಿ!"

"ನಮ್ಮಲ್ಲೇ ಕೆಲಸಕ್ಕೆ ಸೇರ್ಬಿಡಿ," ಎಂದ ಪನಾಸ್.

ಲಾರಿ ತುಂಬಿತು. ಡ್ರೋನಿನ ಕಣ್ಣಿಗೆ ಬೀಳದಂತೆ ಹೊದಿಸಲು ಟಾರ್ಪಾಲು ಇರಲಿಲ್ಲ. ಊರಿನ ಟಾರ್ಪಾಲುಗಳೆಲ್ಲ ಸೈನ್ಯಕ್ಕೆ ಹೋಗಿದ್ದವು. ಕೊನೆಗೆ ಸ್ತೆಫಾನಿಯಾ ಸಂಘದ ಹಳೆಯ ಹಸಿರು ಬ್ಯಾನರನ್ನೇ ತಂದು ಹೊದಿಸಿ, ಲಾರಿ ಓಡಿಸುವ ಪನಾಸನ ಪಕ್ಕ ಹತ್ತಿ ಕೂತಳು.

ಚೆಕ್‌ಪೋಸ್ಟಿನ ಸೈನಿಕ ಲಾರಿಯನ್ನು ಒಂದು ಸುತ್ತು ಹಾಕಿ, ಗಟ್ಟಿಯಾಗಿ ಓದಿದ: "ಈ ಕಾಡಿನ ಒಂದು ಕಡ್ಡಿಯೂ ಹೊರಗೆ ಹೋಗದು!" ಬ್ಯಾನರ್ ಎತ್ತಿ ದಿಮ್ಮಿಗಳನ್ನು ನೋಡಿದ. ಇಬ್ಬರ ಮುಖ ನೋಡಿದ. "ಏನ್ರೀ ಇದು?"

"ಇವ್ರು ಕಾಡು ಕಾಯೋರು, ನಾನು ಕಾಡುಗಳ್ಳ," ಎಂದ ಪನಾಸ್.

"ಇಬ್ರೂ ಒಂದೇ ಗಾಡೀಲಿ?"

"ಡೀಸೆಲ್ ರೇಟ್ ನೋಡಿದೀರಾ?" ಎಂದಳು ಸ್ತೆಫಾನಿಯಾ.

ಸೈನಿಕ ನಗು ತಡೆಯಲಾರದೆ ಕೈ ಬೀಸಿ ಬಿಟ್ಟ. ಸ್ವಲ್ಪ ದೂರ ಹೋಗುವತನಕ ಇಬ್ಬರೂ ನಗುತ್ತಲೇ ಇದ್ದರು. ದೂರದಲ್ಲಿ ಫಿರಂಗಿಗಳು ಗುಡುಗುಡು ಎನ್ನುತ್ತಿದ್ದವು.

ಅವಳ ತೋಳಿನ ಮೇಲೆ, ತೊಗಟೆಯ ಪುಡಿಯ ನಡುವೆ, ಒಂದು ಕಂದು ದುಂಬಿ ಮೆಲ್ಲಗೆ ಹತ್ತುತ್ತಿತ್ತು. ಅದನ್ನು ಹೊರಗೆ ಬಿಡಲು ಅವಳು ಕಿಟಕಿಯ ಗಾಜು ಇಳಿಸಿದಳು. ಪನಾಸ್ ಲಾರಿಯನ್ನು ನಿಧಾನ ಮಾಡಿದ.