ಕೊನೆಯ ಸಾಲಿನ ಕಾರ್ಡು

ನಾನು ಅಂಗೈಯಗಲದ ಒಂದು ಹಳದಿ ಕಾರ್ಡು. ಮಂಗಳೂರಿನ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಜೆಸಿಂತಾ ಎಂಬವಳು ನನ್ನ ಮೇಲೆ ಒಂದು ಸಾಲು ಬರೆದ ದಿನ ನಾನು ಹುಟ್ಟಿದೆ: ‘ಡಯಾಲಿಸಿಸ್ ಯಂತ್ರ ಕೆಟ್ಟ ಕೂಡಲೇ ರೋಗಿಯ ಫೋನಿಗೆ ತಿಳಿಸಬೇಕು.’

ಅವಳು ಸುಮ್ಮನೆ ಬರೆದದ್ದಲ್ಲ. ಈ ಕಚೇರಿಯವರು ಡಯಾಲಿಸಿಸ್ ಕೇಂದ್ರವೊಂದಕ್ಕೆ ಸಾಫ್ಟ್‌ವೇರ್ ಮಾಡಿಕೊಡುತ್ತಾರೆ. ಅದನ್ನು ಪರೀಕ್ಷಿಸಲು ಹೋದಾಗ ಅವಳು ಅಬೂಬಕ್ಕರ್ ಎಂಬ ಮುದುಕರನ್ನು ಕಂಡಳು. ವಿಟ್ಲದಿಂದ ಮೊದಲ ಬಸ್ಸಿಗೆ ಬಂದಿದ್ದರು. ಯಂತ್ರ ಹಿಂದಿನ ಸಂಜೆಯೇ ಕೆಟ್ಟಿತ್ತು, ಹೇಳಿದವರಿಲ್ಲ. ತಿಳಿದಿದ್ದರೆ ಬೇರೆ ಕೇಂದ್ರಕ್ಕೆ ಹೋಗುತ್ತಿದ್ದರಂತೆ. ಊದಿದ ಕಾಲೆಳೆಯುತ್ತ, ಏದುಸಿರು ಬಿಡುತ್ತ ವಾಪಸು ಹೋದರು.

ಮಾಡಬೇಕಾದ ಕೆಲಸಗಳ ಕಾರ್ಡುಗಳೆಲ್ಲ ಒಂದು ಗೋಡೆಯ ಮೇಲಿದ್ದವು. ಮೇಲಿನದು ಮೊದಲು ಆಗುತ್ತದೆ, ಕೆಳಗಿನದು ಯಾವಾಗಲೋ. ಯಾರ ಜಾಗ ಎಲ್ಲಿ ಎಂದು ತೀರ್ಮಾನಿಸುವವನು ವಿಖ್ಯಾತ್. ಅವನನ್ನು ಕಂಡರೆ ನನಗಾಗದು. ಪ್ರತಿ ಬುಧವಾರದ ಮೀಟಿಂಗಿನಲ್ಲಿ, “ಇದು ಮುಖ್ಯವೇ, ಇಲ್ಲ ಹೇಳುದಿಲ್ಲ. ಮುಂದಿನ ಸಲ ನೋಡುವ” ಎಂದು ಜೆಸಿಂತಾಳ ಮೂಗಿಗೆ ತುಪ್ಪ ಸವರಿ, ನನ್ನನ್ನು ಒಂದು ಸಾಲು ಕೆಳಗೆ ಅಂಟಿಸುತ್ತಿದ್ದ. ಬಟನ್ನಿನ ಬಣ್ಣ ಬದಲಿಸುವ ಕಾರ್ಡು ನನ್ನನ್ನು ದಾಟಿ ಹೋಯಿತು. ದೀಪಾವಳಿ ಶುಭಾಶಯದ ಕಾರ್ಡೂ ಹೋಯಿತು. ಹದಿನಾಲ್ಕು ತಿಂಗಳಲ್ಲಿ ನಾನು ನೆಲದ ಹತ್ತಿರ ಬಂದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಅವನ ಪಾಲಿಶ್ ಮಾಡಿದ ಬೂಟು ಮಾತ್ರ.

ಇವತ್ತು ಮಧ್ಯಾಹ್ನ, ಜೆಸಿಂತಾ ಊಟಕ್ಕೆ ಹೋಗಿದ್ದಾಗ, ಪಟ್ಟಿ ಉದ್ದವಾಯಿತೆಂದು, ಎರಡೆರಡು ಇದ್ದ ಕಾರ್ಡುಗಳಲ್ಲಿ ಒಂದನ್ನು ಕಿತ್ತು ಗೋಡೆ ಗುಡಿಸಲು ಹೊರಟರು. ವಿಖ್ಯಾತ್ ಬಲಗಡೆಯಿಂದ, ಅವನ ಜೊತೆಗಾರ ಸುಧನ್ವ ಎಡಗಡೆಯಿಂದ. ಕೇಂದ್ರದ ಸಿಸ್ಟರ್ ಫ್ಲೇವಿಯಾ ಕೊಟ್ಟ ದೂರಿನಿಂದ ಹುಟ್ಟಿದ ನನ್ನಂಥದೇ ಒಂದು ಕಾರ್ಡು ಎಡಗಡೆಯಲ್ಲಿತ್ತು.

“ಇದು ಆಚೆ ಉಂಟಲ್ಲ” ಎಂದು ವಿಖ್ಯಾತ್ ನನ್ನನ್ನು ಕಿತ್ತ.

“ಇದು ಈಚೆ ಉಂಟು ಮಾರಾಯ” ಎಂದು ಸುಧನ್ವ ಅದನ್ನು ಕಿತ್ತ.

ಕಸದ ಬುಟ್ಟಿಯಲ್ಲಿ ಅದು ನನ್ನ ಮುಖದ ಮೇಲೆಯೇ ಬಿತ್ತು. ಇಬ್ಬರ ಮೈಮೇಲೂ ಒಂದೇ ಮಾತು. ಮೇಲೆ ಅವರು ಗೋಡೆ ಚೊಕ್ಕಟವಾಯಿತೆಂದು ಚಪ್ಪಾಳೆ ತಟ್ಟಿದರು. ಥೂ!

ಜೆಸಿಂತಾ ಬಂದು ಕೂರುವಷ್ಟರಲ್ಲಿ ಫೋನು ಬಂತು. ಸ್ಪೀಕರ್‌ನಲ್ಲಿ ಸಿಸ್ಟರ್ ಫ್ಲೇವಿಯಾ: “ಯಂತ್ರ ಪುನಃ ಹಾಳಾಯ್ತು. ವಿಟ್ಲದ ಅಬೂಬಕ್ಕರ್‌ನವರು ಬಂದು ಬೆಂಚಿನಲ್ಲಿ ಕೂತಿದ್ದಾರೆ. ಉಸಿರು ಎಳೆಯುದು ನೋಡ್ಲಿಕ್ಕೆ ಆಗುದಿಲ್ಲ. ನಿಮ್ಮ ಮೆಸೇಜ್ ಎಂತ ಆಯ್ತು?”

ವಿಖ್ಯಾತ್ ಗೋಡೆ ನೋಡಿದ. “ಅದರ ಕಾರ್ಡೇ ಇಲ್ಲವಲ್ಲ?”

“ಬೆಳಿಗ್ಗೆ ಎರಡಿತ್ತು ಸರ್!” ಎಂದಳು ಜೆಸಿಂತಾ.

“ಈಗ ಇಲ್ಲ ಅಲ್ವಾ? ಹೊಸತು ಬರೀರಿ. ಕೊನೆಗೆ ಅಂಟಿಸಿ, ಬುಧವಾರ ನೋಡುವ.”

ನನ್ನ ಅಂಟು ಒಣಗಿದೆ, ಸಿಟ್ಟು ಒಣಗಿಲ್ಲ. ಇವರನ್ನು ನಾನು ಕ್ಷಮಿಸುವುದಿಲ್ಲ. ಬುಟ್ಟಿಯ ತಳದ ಕಿಂಡಿಯಿಂದ ನೋಡುತ್ತಿದ್ದೇನೆ: ಜೆಸಿಂತಾ ಹಲ್ಲು ಕಚ್ಚಿಕೊಂಡು ಮೂರನೆಯ ಕಾರ್ಡಿನ ಮೇಲೆ ಅದೇ ಸಾಲು ಬರೆಯುತ್ತಿದ್ದಾಳೆ. ಫೋನು ಇನ್ನೂ ಇಟ್ಟಿಲ್ಲ.

“ಹಲೋ, ಅವರಿಗೆ ನಾನು ಎಂತ ಹೇಳ್ಲಿ?” ಎಂದು ಸಿಸ್ಟರ್ ಕೇಳುತ್ತಲೇ ಇದ್ದಾರೆ.