ಉತ್ತರವಿಲ್ಲದ ಕಾಡು

ತುಟಿಯ ಮೇಲೆ ಬೆರಳಿಟ್ಟ ಮುಖ, ಕೆಂಪು ಸ್ಟಿಕ್ಕರು, ಒಂದು ಮೂಲೆ ಅಂಟು ಬಿಟ್ಟು ಫ್ಯಾನಿನ ಗಾಳಿಗೆ ಪಟಪಟ ಬಡಿಯುತ್ತಿದೆ, ಕೆಳಗೆ ದಯವಿಟ್ಟು ಮೌನವಿರಲಿ, ಅದರ ಕೆಳಗೆ ಕಪ್ಪು ಪರದೆ, ಪರದೆಯ ಆಚೆ ನನ್ನ ಅವ್ವ ಕೂಗುತ್ತಿದ್ದಾಳೆ — ಮಗಾ, ಎಲ್ಲಿದ್ದೀಯಪ್ಪಾ, ಬಾರೋ ಮಗಾ — ಅಲ್ಲ, ಅವ್ವ ಎಲ್ಲಿ, ಅವ್ವ ಇನ್ನೂ ಬಸ್ಸಿನಲ್ಲಿ, ಅಜ್ಜೀಪುರ ದಾಟಿ ಹನೂರಿನ ಹತ್ತಿರ ಬಂದಿರಬೇಕು, ಪಕ್ಕದಲ್ಲಿ ಅವಳ ತಮ್ಮ ಜಡೇಸ್ವಾಮಿ ಮಾವ, ಮೈಮೇಲೆ ನಾನು ಕೊಡಿಸಿದ ಹಸಿರು ಸೀರೆ, ಇಲ್ಲಿರುವುದು ದನಿ ಮಾತ್ರ, ಈ ಬಸವಕುಮಾರ ಪೆಟ್ಟಿಗೆಯಲ್ಲಿ ಹಿಡಿದುಕೊಂಡು ಹೋದ ದನಿ. ಫೋನಿನಲ್ಲಿ ಎಷ್ಟು ನಯ ಅವನದು, ಮಂಗಳಾ, ನಿಮ್ಮ ತಾಯಿಯ ದನಿ ಸಾರ್ವಜನಿಕ ಕಲಾಸಂಗ್ರಹ ಸೇರಿದೆ, ಆ ಸಂಗ್ರಹದ್ದೇ ಪ್ರದರ್ಶನ ಕೊಳ್ಳೇಗಾಲದ ಹಳೇ ಗೋದಾಮಿನಲ್ಲಿ, ಉದ್ಘಾಟನೆಗೆ ಕರಕೊಂಡು ಬನ್ನಿ, ಶಾಲು ಹೊದಿಸ್ತೀವಿ. ನಾನು ಹಾಡು ಅಂದುಕೊಂಡೆ. ಅಂಗಳದಲ್ಲಿ ರಾಗಿ ಕೇರುತ್ತ ಅವ್ವ ಅವನ ಮೈಕಿಗೆ ಎಷ್ಟು ಹಾಡು ಹಾಡಿದ್ದಳು, ಅದರಲ್ಲಿ ಒಂದಿರಬೇಕು ಅಂದುಕೊಂಡು ಆಸ್ಪತ್ರೆಯಲ್ಲಿ ಎಲ್ಲ ಸಿಸ್ಟರುಗಳ ಹತ್ತಿರ ಹೇಳಿಕೊಂಡು ಓಡಾಡಿದೆ, ನಮ್ಮವ್ವನ ಹಾಡು ಬರ್ತದೆ ಕಣ್ರೇ, ಬನ್ನಿ. ಡ್ಯೂಟಿ ಮುಗಿಸಿ ಮೊದಲು ನಾನೊಬ್ಬಳೇ ಕೇಳೋಣ ಅಂತ ಬಂದು ಈ ಪರದೆ ಸರಿಸಿದೆ ನೋಡಿ, ನಾಲ್ಕು ಮೂಲೆಯಿಂದ ಅವ್ವನ ಕೂಗು, ಹಾಡಲ್ಲ, ಆ ಸಂಜೆಯ ಕೂಗು, ಅಣ್ಣ ಚಿಕ್ಕಬೊಮ್ಮ ಕಾಡಿನಿಂದ ವಾಪಸು ಬಾರದ ಸಂಜೆಯದು. ಬೆಂಚಿನ ಮೇಲೆ ಕೂತಿದ್ದ ಕಾಲೇಜು ಹುಡುಗಿ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದಳು. ತಲೆದೂಗುತ್ತಾಳೆ! ಮೈಯೆಲ್ಲ ಉರಿದುಹೋಯಿತು ನನಗೆ.

ಗೋಡೆಯ ಮೇಲೆ ಅಚ್ಚುಕಟ್ಟಾದ ಬಿಳಿ ಕಾರ್ಡು — ಉತ್ತರವಿಲ್ಲದ ಕಾಡು, ಕಲಾವಿದ ಬಸವಕುಮಾರ್, ಕಾಡಿನ ಹೆಣ್ಣೊಬ್ಬಳ ಕರೆ ಮತ್ತು ಅದಕ್ಕೆ ಪ್ರಕೃತಿಯ ನಿರ್ಲಿಪ್ತ ಮೌನ — ಕಾಡಿನ ಹೆಣ್ಣೊಬ್ಬಳಂತೆ, ಕ್ಯಾತಮ್ಮ ಅಂತ ಬರೆಯುವುದಕ್ಕೆ ಇವರ ಕೈಗೆ ಏನು ಬಂದಿತ್ತು, ಅವಳ ಕೈಯ ಮುದ್ದೆ ನುಂಗುವಾಗ ಹೆಸರು ಗೊತ್ತಿತ್ತಲ್ಲ. ಪ್ರಕೃತಿಯ ಮೌನವಂತೆ. ಥೂ! ಕಾಡು ಯಾವತ್ತು ಸುಮ್ಮನಿತ್ತು? ನಮ್ಮ ಪೋಡಿನಲ್ಲಿ, ಬೆಟ್ಟದ ಮೇಲಿನ ನಮ್ಮ ಹಟ್ಟಿಯಲ್ಲಿ, ಕೂಗು ಕೇಳಿದರೆ ಓ ಅನ್ನಬೇಕು, ಯಾರನ್ನೇ ಕೂಗಲಿ, ಯಾರೇ ಕೂಗಲಿ, ಕೇಳಿಸಿಕೊಂಡವರು ಓ ಅನ್ನಲೇಬೇಕು, ಉಣ್ಣುತ್ತಿದ್ದರೂ ತುತ್ತು ಕೆಳಗಿಟ್ಟು ಓ, ಜಗಳವಾಡಿಕೊಂಡು ಮಾತು ಬಿಟ್ಟಿದ್ದರೂ ಓ, ನಾಲ್ಕು ಕಡೆಯಿಂದ ಓ ಎದ್ದರೆ ದಾರಿ ತಪ್ಪಿದವನಿಗೆ ಪೋಡು ಇರುವ ಕಡೆ ಗೊತ್ತಾಗುತ್ತದೆ, ಒಂದೇ ದನಿಯಾದರೆ ಬಂಡೆಗೆ ಬಡಿದು ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ, ಇದನ್ನು ಯಾರೂ ಕಲಿಸುವುದಿಲ್ಲ, ಮಾತು ಬಂದಾಗಲೇ ಇದೂ ಬರುತ್ತದೆ. ಆ ಸಂಜೆ ಅಣ್ಣ ಕಲ್ಲುಹೂವು ಬಿಡಿಸಲು ಹೋದವನು ಜೊತೆಯವರು ಬಂದರೂ ಬರಲಿಲ್ಲ, ಮಂಜು ಇಳಿದಿತ್ತು, ಅವ್ವ ಬೇಲಿಯ ಹತ್ತಿರ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು, ಜಡೇಸ್ವಾಮಿ ಮಾವ ಓ ಅನ್ನಲು ಬಾಯಿ ತೆರೆದಿದ್ದ, ನಾನು ನೋಡಿದೆ, ಆಚೆ ಮನೆಯ ಸೋಮಮ್ಮನೂ ಒಲೆ ಬಿಟ್ಟು ಎದ್ದು ಬಂದಿದ್ದಳು, ಆಗ ಈ ಬಸವಕುಮಾರ, ದನಿ ಹಿಡಿಯಲು ಬಂದು ನಮ್ಮ ಮನೆಯಲ್ಲಿ ಉಳಿದಿದ್ದ ನೆಂಟ, ಯಳಂದೂರಿನ ಕಡೆಯ ಗದ್ದೆ ತೋಟದವರ ಮಗ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಸತ್ತ ಅಳಿಲಿನಂಥ ಆ ಕೂದಲು ಮೈಕು, ಬೆರಳೆತ್ತಿ ತುಟಿಯ ಮೇಲಿಟ್ಟ. ಸುಮ್ಮನಿರಿ. ಎಲ್ಲರ ಕಡೆ ತಿರುಗಿ ತಿರುಗಿ, ಬೆರಳು ತುಟಿಯ ಮೇಲೆ. ನಾವು ಸುಮ್ಮನಾದೆವು — ಅಯ್ಯೋ ಮಾದಪ್ಪಾ, ಏನಂದುಕೊಂಡು ಸುಮ್ಮನಾದೆವು! ಆ ಮಿಷನ್ನಿಗೆ ದೂರದ್ದೆಲ್ಲ ಕೇಳುತ್ತದೆ ಅಂತ ಅವನೇ ಹೇಳಿದ್ದ, ಜೇನು ಗುಂಯ್ಗುಟ್ಟುವುದನ್ನು ನಮ್ಮ ಕಿವಿಗೂ ಇಟ್ಟು ತೋರಿಸಿದ್ದ, ಅಣ್ಣನ ದನಿ ಆ ಮಿಷನ್ನಿಗೆ ಸಿಕ್ಕಿರಬೇಕು, ಯಾವ ಕಡೆ ಅಂತ ಹುಡುಕುತ್ತಿದ್ದಾನೆ, ಅದಕ್ಕೇ ಸುಮ್ಮನಿರು ಅನ್ನುತ್ತಿದ್ದಾನೆ ಅಂದುಕೊಂಡು ಇಡೀ ಪೋಡು ಉಸಿರು ಬಿಗಿಹಿಡಿದು ನಿಂತಿತು, ಅತ್ತ ಕೂಸಿನ ಬಾಯಿಗೆ ಮೊಲೆ ಕೊಟ್ಟರು, ನಾಯಿಯ ಮೂತಿ ಹಿಡಿದುಕೊಂಡರು. ಅವ್ವ ಕೂಗುತ್ತಲೇ ಇದ್ದಳು. ಕತ್ತಲಾದ ಮೇಲೆ ಹೆಡ್‌ಫೋನು ಇಳಿಸಿದ, ಮಾವ ಓಡಿಹೋಗಿ ಕೇಳಿದ, ಯಾವ್ ಕಡೆಯಿಂದ ಕೇಳ್ತು ಸಾ, ಬಂಡೆ ತಾವಾ, ಹಳ್ಳದ ತಾವಾ? ಅವನು ಕಣ್ಣೊರೆಸಿಕೊಂಡು, ಎಂಥಾ ಮೌನ ಅಲ್ವಾ, ಅಂದ. ಆಮೇಲೆ ಪಂಜು ಹಿಡಿದು ಓಡಿದರು, ಓ ಓ ಅಂತ ಬೆಟ್ಟವೆಲ್ಲ ಕೂಗಿತು, ಅಣ್ಣ ಸಿಕ್ಕಿದ್ದು ಬೆಳಿಗ್ಗೆ, ಬಂಡೆಯ ಕೆಳಗೆ, ಪೋಡಿಗೆ ಬೆನ್ನು ಮಾಡಿ ನಡೆದಿದ್ದ. ಓ ಅಂದಿದ್ದರೆ ಬರುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ಏಯ್ ಹುಡುಗೀ, ಇದನ್ನ ನಿಲ್ಲಿಸಿ, ನಿಲ್ಲಿಸಿ ಅಂತಿದೀನಿ, ಇಲ್ಲ, ಅವಳ ಹೆಸರು ಶ್ರುತಿ, ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿದೆ, ಪ್ರದರ್ಶನ ನೋಡಿಕೊಳ್ಳುವವಳು, ಬಾಯಿಗೆ ಬಂದದ್ದು ಕರೆದೆ ಕೋಪದಲ್ಲಿ, ಅವಳು ಒಳ್ಳೆಯವಳೇ ಇರಬೇಕು, ನೀರು ಕುಡೀರಿ ಅಂತ ಬಾಟಲಿ ಕೊಟ್ಟಳು, ಯಾರಿಗೆ ಬೇಕಿತ್ತು ನೀರು. ನಮ್ಮವ್ವ ಬರ್ತಾ ಇದಾಳೆ, ಅವಳಿಗೆ ಇದು ಗೊತ್ತಿಲ್ಲ, ಹಾಡು ಅಂತ ಬರ್ತಾ ಇದಾಳೆ, ಒಂದು ಗಂಟೆ ಆರಿಸಿಬಿಡಿ ಸಾಕು, ಅವಳು ಶಾಲು ಹೊದ್ದುಕೊಂಡು ಹೋಗಲಿ, ಆಮೇಲೆ ಏನಾದ್ರೂ ಮಾಡಿಕೊಳ್ಳಿ. ಅದು ಸಂಗ್ರಹದ ಆಸ್ತಿ ಮೇಡಂ, ನಾನು ಆರಿಸೋ ಹಾಗಿಲ್ಲ, ಕಲಾವಿದರು ಒಪ್ಪಿದ್ರೆ ಮೇಲಿನವರನ್ನ ಕೇಳಬಹುದು. ಸರಿ, ಕಲಾವಿದರೇ ಸಿಕ್ಕಿದರು, ಖಾದಿ ಜುಬ್ಬ, ನೆರೆತ ಗಡ್ಡ, ನೆಲದ ಮೇಲೆ ಸುರಿದಿಟ್ಟ ರೇಷ್ಮೆಗೂಡಿನ ರಾಶಿಯ ಹತ್ತಿರ ಯಾರಿಗೋ ಏನೋ ವಿವರಿಸುತ್ತಿದ್ದರು, ಎಷ್ಟೋ ವರ್ಷದ ಮೇಲೆ ನೋಡಿದೆ, ಗುರುತು ಹಿಡಿದ, ನಕ್ಕ, ನಗುತ್ತಾನೆ! ಅದು ಅಣ್ಣ ಸತ್ತ ಸಂಜೆಯ ಕೂಗು, ನಿನಗೆ ಗೊತ್ತು, ನೀನು ಅಲ್ಲೇ ಇದ್ದೆ. ಗೊತ್ತು ಮಂಗಳಾ, ಅದಕ್ಕೇ ಅದು ಅಷ್ಟು ನಿಜ, ಇಷ್ಟು ವರ್ಷ ಆದ್ರೂ ನನಗೆ ಅದನ್ನ ಕೇಳಿ ನಿದ್ದೆ ಬರಲ್ಲ, ನಿಮ್ಮ ತಾಯಿಯ ನೋವು ವ್ಯರ್ಥ ಆಗಬಾರದು ಅಂತಾನೇ. ನೋವು ವ್ಯರ್ಥ ಆಗಬಾರದಂತೆ, ಏನು ಸೌದೆಯೇ ಅದು, ತಂದು ಒಲೆಗಿಟ್ಟುಕೊಳ್ಳುವುದಕ್ಕೆ? ಮತ್ತೆ ಆ ಮೌನ, ಪ್ರಕೃತಿಯ ಮೌನ ಅಂತ ಬರೆಸಿದೀಯಲ್ಲ, ನಮ್ಮ ಬಾಯಿ ಮುಚ್ಚಿಸಿದ್ದು ಯಾರು? ಅವನಿಗೆ ನೆನಪೇ ಇಲ್ಲ. ಮುಖ ನೋಡಿದೆ, ಸುಳ್ಳು ಹೇಳುತ್ತಿಲ್ಲ, ನಿಜವಾಗಿ ಮರೆತಿದ್ದಾನೆ, ನಾನು ಯಾಕೆ ಹಾಗೆ ಮಾಡ್ಲಿ ಮಂಗಳಾ, ಅಲ್ಲಿ ಯಾರೂ ಮಾತಾಡ್ತಾನೇ ಇರ್ಲಿಲ್ಲ, ಅದೇ ನನ್ನನ್ನ ಕಾಡಿದ್ದು. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ವೈರು ಎಲ್ಲಿದೆ ಅಂತ ನೋಡಿದೆ, ಗೋಡೆಯೊಳಗೆ ಹೋಗಿ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ ಸೇರಿದೆ, ಇಲ್ಲದಿದ್ದರೆ ಹಲ್ಲಿನಲ್ಲೇ ಕಿತ್ತು ಹಾಕುತ್ತಿದ್ದೆ.

ಹೋಗಲಿ, ಬಸ್‌ಸ್ಟ್ಯಾಂಡಿಗೇ ಹೋಗಿ ಅಲ್ಲಿಂದಲೇ ರೂಮಿಗೆ ಕರಕೊಂಡು ಹೋಗುತ್ತೇನೆ, ಕಾರ್ಯಕ್ರಮ ನಿಂತುಹೋಯ್ತು ಕಣವ್ವಾ ಅನ್ನುತ್ತೇನೆ, ಮಸಾಲೆ ದೋಸೆ ತಿನ್ನಿಸಿ ಬಸ್ಸು ಹತ್ತಿಸುತ್ತೇನೆ, ಬೈಯಲಿ, ಸೀರೆ ದಂಡ ಆಯ್ತು ಅನ್ನಲಿ. ಅವ್ವನನ್ನು ಬಸ್ಸಿನಲ್ಲಿ ಕೂರಿಸುವುದೂ ಒಂದು ಪಜೀತಿ, ಕಂಡಕ್ಟರು ಹನೂರು ಹನೂರು ಅಂತ ಕೂಗಿದರೆ ಇವಳು ಒಳಗಿನಿಂದ ಓ ಅನ್ನುತ್ತಾಳೆ, ಜನ ನಗುತ್ತಾರೆ, ನಗಲಿ, ಆ ಸಂಜೆಯಿಂದ ಅವಳು ಯಾರ ಕೂಗನ್ನೂ ಹಾಗೇ ಬಿಟ್ಟವಳಲ್ಲ, ಆಡು ಕರೆದರೂ ಓ, ಸೊಪ್ಪಿನವನು ಕೂಗಿದರೂ ಓ, ಸುಮ್ನಿರವ್ವಾ ಅಂದರೆ, ನಾನ್ಯಾಕ್ ಸುಮ್ನಿರ್ಲಿ, ಪಾಪ ಕೂಗ್ತಾವ್ನೆ. ಫೋನು. ಜಡೇಸ್ವಾಮಿ ಮಾವ. ಎಲ್ಲಿದ್ದೀರಾ ಮಾವ, ಹನೂರಾ? ಅಯ್ಯ, ನಾವಾಗ್ಲೇ ಬಂದ್ವಿ ಕಣವ್ವಾ, ನಿಮ್ಮ ಸಾ ಕಾರು ಕಳಿಸಿದ್ರಲ್ಲ, ಅಜ್ಜೀಪುರದಿಂದ್ಲೇ ಕೂರಿಸ್ಕಂಡ್ ಬಂದ್ರು, ಏಸಿ ಕಣವ್ವಾ, ಚಳಿ ಅಂದ್ರೆ ಚಳಿ, ಇಲ್ಲೇ ಇಂದಿನ ಬಾಗ್ಲಲ್ಲಿ ಇಳಿಸಿದ್ರು, ನಿಮ್ಮವ್ವನ್ನ ಅದ್ಯಾರೋ ಮೇಡಂ ಒಳೀಕ್ ಕರ್ಕಂಡ್ ಓದ್ರು, ಇಡು ಇಡು, ನಾನೂ ಬತ್ತೀನಿ. ಹಿಂದಿನ ಬಾಗಿಲು. ಹಿಂದಿನ ಬಾಗಿಲು ಎಲ್ಲಿದೆ ಈ ಹಾಳು ಗೋದಾಮಿಗೆ, ಬಣ್ಣದ ಎತ್ತಿನಗಾಡಿಯ ಹಿಂದೆ, ಇಲ್ಲ, ಕ್ವಾರಿಯ ಫೋಟೋಗಳ ಹಿಂದೆ, ಸರೀರಿ, ಸ್ವಲ್ಪ ದಾರಿ ಬಿಡ್ರೀ, ಯಾರೋ ರಿಬ್ಬನ್ನು ಕಟ್ಟುತ್ತಿದ್ದಾರೆ, ಯಾರದೋ ತಟ್ಟೆಯ ಕುಂಕುಮ ಚೆಲ್ಲಿತು, ಓಡುತ್ತಿದ್ದೇನೆ, ನರ್ಸಿನ ಚಪ್ಪಲಿ ನೆಲಕ್ಕೆ ಜಾರುತ್ತಿದೆ, ಅಲ್ಲಿ, ಹಸಿರು ಸೀರೆ, ಕಪ್ಪು ಪರದೆಯ ಮುಂದೆ, ಬಸವಕುಮಾರ ಅವಳ ಭುಜ ಹಿಡಿದು ಪರದೆ ಸರಿಸುತ್ತಿದ್ದಾನೆ, ಅವ್ವಾ, ಬೇಡ, ಅವ್ವಾ!

ಒಳಗೆ ಕತ್ತಲು, ಕಾಲೇಜು ಹುಡುಗಿಯರು, ಮೊಬೈಲು ಎತ್ತಿ ಹಿಡಿದವರು, ಅವ್ವ ನಡುವೆ ನಿಂತಿದ್ದಾಳೆ, ಕೈಯಲ್ಲಿ ಅವರೇ ಕೊಟ್ಟ ಹೂವಿನ ಗುಚ್ಛ, ನಾಲ್ಕು ಮೂಲೆಯಿಂದ ಕೂಗು ಬರುತ್ತದೆ — ಮಗಾ, ಎಲ್ಲಿದ್ದೀಯಪ್ಪಾ, ಬಾರೋ ಮಗಾ — ನಾನು ಅವಳ ಕೈ ಹಿಡಿದೆಳೆದೆ, ಬಾರವ್ವಾ ಆಚೆ ಓಗೋಣ, ಅವಳು ಬರಲಿಲ್ಲ, ತಲೆ ಓರೆ ಮಾಡಿ ಕೇಳುತ್ತಿದ್ದಾಳೆ, ಮುಖದಲ್ಲಿ ಅಳುವಿಲ್ಲ, ಗಾಬರಿಯಿಲ್ಲ, ಅವಳಿಗೆ ಗುರುತು ಸಿಕ್ಕಿಲ್ಲ, ಯಾರಿಗೆ ತಾನೇ ತನ್ನ ದನಿಯ ಗುರುತು ಸಿಗುತ್ತದೆ ಹೊರಗಿನಿಂದ ಕೇಳಿದರೆ. ಯಾರವ್ವಾ ಅದು, ಯಾರೋ ತಾಯಿ ಕೂಗ್ತಾವ್ಳೆ, ಅಯ್ಯೋ ಪಾಪ, ಇಷ್ಟು ಜನ ನಿಂತವ್ರೆ, ಒಬ್ರೂ ಓ ಅನ್ನಾಕಿಲ್ವಲ್ಲ ಮಂಗಳಾ, ಎಂಥಾ ಜನ ಇವ್ರು. ಕೂಗು ನಿಂತಿತು. ಈಗ ಆ ಮೌನ ಬರುತ್ತದೆ, ಕಾರ್ಡಿನಲ್ಲಿ ಬರೆದ ಮೌನ, ಮಾವನ ತೆರೆದ ಬಾಯಿ, ಕೈಯೊಳಗೆ ಹಿಡಿದ ನಾಯಿಯ ಮೂತಿ, ನಮ್ಮೆಲ್ಲರ ಬಿಗಿಹಿಡಿದ ಉಸಿರು. ಅವ್ವ ಹೂವಿನ ಗುಚ್ಛ ಕಂಕುಳಿಗೆ ಸಿಕ್ಕಿಸಿಕೊಂಡಳು, ಬಾಯಿಗೆ ಕೈ ಅಡ್ಡ ಹಿಡಿದಳು, ಓ... ಅಂದಳು, ಬೆಟ್ಟದ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಮುಟ್ಟುವ ಹಾಗೆ, ಓ... ಇದೀವಿ ಕಣವ್ವಾ, ಇಲ್ಲೇ ಇದೀವಿ, ಬತ್ತಾನೆ ಬುಡು ನಿನ್ ಮಗ, ಓ... ಹುಡುಗಿಯರು ಕಣ್ಣು ಬಿಟ್ಟು ತಿರುಗಿದರು, ಯಾರೋ ಕಿಸಕ್ಕನೆ ನಕ್ಕರು, ಪರದೆಯ ಹತ್ತಿರ ನಿಂತಿದ್ದ ಬಸವಕುಮಾರ ಬೆಚ್ಚಿಬಿದ್ದ, ಕಣ್ಣು ಒದ್ದೆಯಾಗಿದೆ ಅವನದು, ಆ ಒದ್ದೆ ಕಣ್ಣಿನಲ್ಲೇ ಅವ್ವನ ಕಡೆ ಬಗ್ಗಿದ, ಮೆಲ್ಲಗೆ, ಎಷ್ಟು ಮರ್ಯಾದೆಯಿಂದ, ಕೈಯೆತ್ತಿದ — ಬೆರಳು, ಅದೇ ಬೆರಳು, ತುಟಿಯ ಮೇಲೆ ಬೆರಳು.