ಅಣ್ಣ ಅಂಗಿ ಬಿಚ್ಚಿದಾಗ

ಲಾಲಮ್ಮ ಟೀಚರ್ ಗುಡ್ಡ ಹತ್ತುತ್ತಾಳಂತೆ ಎಂಬ ಸುದ್ದಿ ಶಹಾಪುರದ ಚಹಾದಂಗಡಿಗಳಿಗೆ ಬಂದಾಗ, ಏನೋ ಹರಕೆ ಇರಬೇಕು ಅಂದುಕೊಂಡರು ಮಂದಿ. ಹರಕೆಯಲ್ಲ. ಕ್ಯಾನ್ಸರ್ ಆದವರನ್ನು ಗುಲಬರ್ಗಾದ ದವಾಖಾನೆಗೆ ಒಯ್ದು ತರಲು ಒಂದು ಗಾಡಿ ಬೇಕಾಗಿತ್ತು. ಹತ್ತುವವರೆಲ್ಲ ತಮ್ಮ ಓಣಿಯಲ್ಲಿ, ಬೀಗರಲ್ಲಿ ಕೇಳಿ, "ನಾ ತುದಿ ಮುಟ್ಟಿದರ ನೀವು ಕೈಲಾದಷ್ಟು ಕೊಡ್ರಿ" ಎಂದು ಮಾತು ತಗೊಂಡು ಬರಬೇಕು. ಅದೇ ಏರ್ಪಾಡು.

ಅವಳ ತಲೆಯಲ್ಲಿ ಇದನ್ನು ಹುಟ್ಟಿಸಿದ್ದು ಅವಳವ್ವ ತಿಮ್ಮವ್ವನ ಬ್ಯಾನಿ. ಕೃಷ್ಣೆಯ ನೀರು ಕಾಲುವೆಗೆ ಬಂದು ಸೀಮೆಯೆಲ್ಲ ಜೋಳ ಬಿಟ್ಟು ಭತ್ತಕ್ಕೆ ಬಿದ್ದ ಕಾಲ ಅದು. ಕೂಲಿಗೆ ಬಿಡುವೇ ಇರಲಿಲ್ಲ. ಎದೆಯೊಳಗಿನ ಗಂಟನ್ನು ಸೆರಗಿನಡಿ ಮುಚ್ಚಿಕೊಂಡೇ ತಿಮ್ಮವ್ವ ಕೆಸರಲ್ಲಿ ನಿಂತು ಸಸಿ ನೆಟ್ಟಳು. ಡಾಕ್ಟರಿಗೆ ತೋರಿಸುವ ಹೊತ್ತಿಗೆ ಕೈಮೀರಿತ್ತು. ಔಷಧಿ ಏರಿಸಿಕೊಂಡು ಬರುವಾಗ ಬಸ್ಸಿನಲ್ಲಿ ಸೀಟು ಸಿಗದೆ ಕಂಬಿ ಹಿಡಿದು ನಿಂತು, ವಾಂತಿ ಬಂದರೆ ಸೆರಗಿನಲ್ಲೇ ಹಿಡಿದವಳು ಅವಳು. ಅವ್ವ ಮಣ್ಣಾದ ಕೆಲವೇ ವರ್ಷಕ್ಕೆ ಅಕ್ಕ ಹಣಮಮ್ಮನಿಗೂ ಅದೇ ಬ್ಯಾನಿ. ಏಳಲಾರದ ಅಕ್ಕನಿಗೆ ಕಡೆತನಕ ಜಳಕ ಮಾಡಿಸಿದವಳು ಲಾಲಮ್ಮ.

ಅಂದಿನಿಂದ ಅವಳು ಸುಮ್ಮನೆ ಕೂತಿರಲಿಲ್ಲ. ತನ್ನನ್ನು ವರ್ಷ ವರ್ಷ ತೋರಿಸಿಕೊಳ್ಳುತ್ತಿದ್ದಳು. ರಜೆ ಬಂದರೆ ಕೊಂಕಲ್, ವಡಗೇರಾ, ಬೋನಾಳ ಅಂತ ತಿರುಗಿ, ಹೆಂಗಸರನ್ನು ಕಟ್ಟೆಗೆ ಕೂಡಿಸಿಕೊಂಡು, "ನಾಚಬ್ಯಾಡ್ರೆವಾ, ಗಂಟು ಕಂಡರ ಜಲ್ದಿ ತೋರಸ್ರಿ" ಎಂದು ಹೇಳಿ ಬರುತ್ತಿದ್ದಳು. ಗಂಡಸರು ದೂರ ಎದ್ದು ಹೋಗುತ್ತಿದ್ದರು. ಅವಳೂ ಹೋಗಲಿ ಬಿಡು ಅನ್ನುತ್ತಿದ್ದಳು.

ಗುಡ್ಡ ಹತ್ತುವ ದಿನ ಬೆಳಗು ತಂಪಾಗಿತ್ತು. ಹೆಂಗಸರು ಸೀರೆ ಎತ್ತಿ ಕಟ್ಟಿ ಬಂಡೆಗಳ ನಡುವೆ ದಾರಿ ಹಿಡಿದರು. ಕೆಳಗೆ ಶಾಮಿಯಾನದಲ್ಲಿ ಡಾಕ್ಟರ್ ಗೌಹರಬೇಗಂ, ಇಳಿದು ಬರುವವರನ್ನು ಪರೀಕ್ಷೆ ಮಾಡಲು ಪರದೆ ಕಟ್ಟಿಸಿಕೊಂಡು ಕೂತಿದ್ದರು. ಹತ್ತುವವರ ಜೊತೆ ನೀರಿನ ಕೊಡ ಹೊತ್ತವನು ಲಾಲಮ್ಮನ ಅಣ್ಣ ಅಂಬ್ರಪ್ಪ. ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ ಅವನದು. ತೋಳು ಗಟ್ಟಿ, ಮಾತು ಕಡಿಮೆ.

"ಅಣ್ಣಾ, ಹೆಗಲು ಬದಲಸು, ಒಂದಾ ಕಡಿ ಭಾರ ಆಗ್ತದ."

"ನಿನ್ನ ದಾರಿ ನೋಡಿ ನಡಿ," ಅಂದ ಅಂಬ್ರಪ್ಪ. ಅವನು ಹೀಗೆ ಸಿಡುಕುವವನಲ್ಲ. ಏರು ಕಠಿಣ, ದಣಿದಿರಬೇಕು ಅಂದುಕೊಂಡಳು.

ತುದಿ ಮುಟ್ಟಿದಾಗ ಕೇಕೆ ಎದ್ದಿತು. ಮದೀನಾಬೀ ಎಂಬ ಮುದುಕಿಯೊಬ್ಬಳು, ಗಂಡನನ್ನು ಗಂಟಲು ಕ್ಯಾನ್ಸರಿಗೆ ಕಳಕೊಂಡವಳು, ಬಂಡೆಯ ಮೇಲೆ ಕೂತು ನಗುತ್ತಲೇ ಅತ್ತಳು. ಕೆಳಗೆ ಕೆರೆ, ಊರಿನ ಮಾಳಿಗೆಗಳು, ಆಚೆ ಹಸಿರು ಗದ್ದೆ. ಲಾಲಮ್ಮನಿಗೆ ಎದೆ ತುಂಬಿ ಬಂತು. ಅವ್ವನಿಗೂ ಅಕ್ಕನಿಗೂ ಮಾಡಬೇಕಾದ್ದನ್ನು ಮಾಡಿದೆ ಅನ್ನಿಸಿತು. ಅಣ್ಣನಿಗೆ ಬಾಳೆಹಣ್ಣು ಕೊಡೋಣವೆಂದು ಬಂಡೆಯ ಹಿಂದೆ ಹೋದಳು.

ಅಂಬ್ರಪ್ಪ ಬೆವರಿನಿಂದ ತೊಯ್ದ ಅಂಗಿ ಬಿಚ್ಚಿ ಹಿಂಡುತ್ತಿದ್ದ.

ಅವನ ಎಡ ಎದೆಯ ತೊಟ್ಟು ಒಳಕ್ಕೆ ಎಳಕೊಂಡಿತ್ತು. ಸುತ್ತ ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿ. ಅದರಡಿ ಲಿಂಬೆಕಾಯಿಯಷ್ಟು ಉಬ್ಬು.

ಲಾಲಮ್ಮನ ಕೈಯಿಂದ ಹಣ್ಣು ಬಿತ್ತು. ಅಕ್ಕನ ಮೈಗೆ ನೀರು ಹಾಕುವಾಗ ದಿನಾ ಕಂಡದ್ದು ಅದೇ. ಅದೇ ಎಂದು ಕಣ್ಣು ಹೇಳುತ್ತಿತ್ತು. ಗಂಡಸಿಗೆ ಹ್ಯಾಂಗಾದೀತು ಎಂದು ಬುದ್ಧಿ ಹೇಳುತ್ತಿತ್ತು.

ಅಂಬ್ರಪ್ಪ ಗಡಬಡಿಸಿ ಅಂಗಿಯನ್ನು ಎದೆಗೆ ಒತ್ತಿಕೊಂಡ, ಯಾರೋ ಪರಗಂಡಸು ಕಂಡಾಗ ಹೆಂಗಸರು ಮಾಡುವ ಹಾಗೆ.

"ಎಂದಿನಿಂದ ಅದ ಇದು?"

"ಗೇಟಿನ ಚಕ್ರ ಬಡದಿತ್ತು. ಬಾತದ."

"ನನ್ನ ಮುಂದ ಸುಳ್ಳು ಹೇಳಬ್ಯಾಡ ಅಣ್ಣಾ. ಎಂದಿನಿಂದ?"

ಅವನು ಕೆರೆಯ ಕಡೆ ನೋಡಿದ. "ಹೋದ ವರ್ಷ ಕಾಲುವಿಗೆ ನೀರು ಬಿಟ್ಟಾಗಿಂದ," ಅಂದ. "ಯಾರಿಗೆ ಹೇಳ್ಲಿ ತಂಗಿ? ಅವ್ವಗ ಆದದ್ದು ನಂಗ ಆಗ್ಯಾದ ಅಂದರ ಮಂದಿ ನಗಂಗಿಲ್ಲೇನು? ನಿಮ್ಮ ಅತ್ತಿಗಿಗೂ ಹೇಳಿಲ್ಲ. ದೀಪ ಆರಿಸಿದ ಮ್ಯಾಲ ಅಂಗಿ ಬಿಚ್ತೀನಿ."

ಇಳಿಯುವಾಗ ಅವಳಿಗೆ ಒಂದೊಂದೇ ನೆನಪಾಯಿತು. ಊರೂರು ತಿರುಗಿ ಹೆಂಗಸರಿಗೆ ಬುದ್ಧಿ ಹೇಳುವಾಗ ಇವನೇ ಮೋಟರ್ ಸೈಕಲ್ ಮೇಲೆ ಕೂಡಿಸಿಕೊಂಡು ಒಯ್ಯುತ್ತಿದ್ದ. ಅವಳು ಮಾತಾಡಿ ಮುಗಿಸುವವರೆಗೂ ಬೇವಿನ ಗಿಡದ ಕೆಳಗೆ, ಕೇಳಿಸುವಷ್ಟೇ ದೂರದಲ್ಲಿ, ಕಾದು ನಿಲ್ಲುತ್ತಿದ್ದ. ಎಲ್ಲ ಕೇಳಿಸಿಕೊಂಡಿದ್ದನಲ್ಲ!

ಶಾಮಿಯಾನದ ಮುಂದೆ ಹೆಂಗಸರ ಸಾಲು ಕಂಡು ಅಂಬ್ರಪ್ಪ ಒಳಗೆ ಬರಲು ಒಪ್ಪಲಿಲ್ಲ. ಲಾಲಮ್ಮ ಕೈ ಹಿಡಿದೆಳೆದಳು. ಮದೀನಾಬೀ ಏನೂ ಕೇಳದೆ ಸಾಲು ಬಿಟ್ಟು ಸರಿದು, "ಹೋಗಪ್ಪಾ, ಮೊದಲ ನೀ ಹೋಗು" ಅಂದಳು.

ಗೌಹರಬೇಗಂ ಎದೆ ನೋಡಿದರು, ಕಂಕುಳು ಒತ್ತಿ ನೋಡಿದರು. ಅವರ ಮುಖ ಗಂಭೀರವಾಯಿತು. "ನಾಳೆನೇ ಗುಲಬರ್ಗಾಕ್ಕ ಹೋಗ್ರಿ. ತಡ ಮಾಡಬ್ಯಾಡ್ರಿ."

"ಮ್ಯಾಡಂ, ಗಂಡಸರಿಗೂ ಬರ್ತದೇನ್ರಿ?" ಲಾಲಮ್ಮ ಕೇಳಿದಳು.

"ಬರ್ತದ್ರಿ. ಅಪರೂಪ, ಆದರ ಬರ್ತದ. ತಾಯಿಗೆ, ಅಕ್ಕಗ ಆಗಿತ್ತಂದರ ಮನಿ ಗಂಡಸರೂ ನೋಡ್ಕೋಬೇಕು."

"ನಂಗ ಯಾರೂ ಹೇಳಲಿಲ್ಲಲ್ರಿ!" ಎಂದು ಲಾಲಮ್ಮ ಚೀರಿದಳು. ಡಾಕ್ಟರರು ತಲೆ ತಗ್ಗಿಸಿದರು. ಅಂಬ್ರಪ್ಪನೇ ತಂಗಿಯ ಬೆನ್ನು ಸವರಿ, "ಹೋಗೂಣು ನಡಿ, ನಾ ಬರ್ತೀನಿ" ಅಂದ.

ಮರುದಿನ ಹೊರಟರು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದಾಗ ಕ್ಯಾನ್ಸರೇ ಎಂದು ಬಂತು. ಹೆಂಡತಿ ಅಮೃತಮ್ಮ ಕೇಳಿ ನಂಬಲಿಲ್ಲ. ಲಾಲಮ್ಮ ತನ್ನ ಹುಚ್ಚನ್ನು ಗಂಡನಿಗೂ ಹಚ್ಚಿದಳೆಂದು ಬೈದಳು. ಆಮೇಲೆ ದವಾಖಾನೆಯ ಬಿಳಿ ಬೆಳಕಿನಲ್ಲಿ ಅವನ ಎದೆ ಕಂಡು ಗೋಡೆಗೆ ಒರಗಿ ಕುಸಿದು ಕೂತಳು. ಎಡ ಎದೆ ತೆಗೆದರು, ಕಂಕುಳಿನ ಗಡ್ಡೆಗಳನ್ನೂ ತೆಗೆದರು, ಔಷಧಿ ಏರಿಸಿದರು. ಅಂಬ್ರಪ್ಪನ ಮೀಸೆ ಉದುರಿತು. ಅದಕ್ಕೇ ಅವನು ಹೆಚ್ಚು ನೊಂದ.

ಬದುಕಿದ. ಮಾತ್ರೆ ಇನ್ನೂ ನಡೆದಿದೆ. ಪೂರಾ ಹೋಯಿತೆಂದು ಡಾಕ್ಟರರೂ ಹೇಳುವುದಿಲ್ಲ. ಆದರೂ ಕಾಲುವೆಗೆ ಮರಳಿದ. ಮೊದಲ ದಿನವೇ ಜೊತೆಗಾರ ರಾಜಾಸಾಬ, "ಏನಾಗಿತ್ತೋ ಅಂಬ್ರ್ಯಾ?" ಎಂದು ಕೇಳಿದ. ಅಂಬ್ರಪ್ಪ ಗುಂಡಿ ಬಿಚ್ಚಿ ಗಾಯದ ಗೆರೆ ತೋರಿಸಿ, "ಅವ್ವನ ಬ್ಯಾನಿ" ಅಂದ. ಯಾರೂ ನಗಲಿಲ್ಲ. ರಾಜಾಸಾಬ ಮುಖ ಆಕಡೆ ಮಾಡಿ, ಅಂಗಿಯೊಳಗೆ ಕೈ ಹಾಕಿ ತನ್ನ ಎದೆ ಒತ್ತಿ ನೋಡಿಕೊಂಡ.

ಲಾಲಮ್ಮನಿಗೆ ಮಾತ್ರ ಆ ದಿಗಿಲು ಇನ್ನೂ ಇಳಿದಿಲ್ಲ. ಕಾಲುವೆ ದಂಡೆಯಲ್ಲಿ ಗಂಡಸರು ಜಳಕ ಮಾಡುವುದು ಕಂಡರೆ ಅವಳ ಕಣ್ಣು ಮೊದಲು ಅವರ ಎದೆಗೆ ಹೋಗುತ್ತದೆ. ಟೀಚರ್‌ಗೆ ನಾಚಿಕೆ ಇಲ್ಲ ಎಂದು ಮಂದಿ ಅಂದಾರು. ಅನ್ನಲಿ ಎಂದು ಅವಳು ನೋಡುತ್ತಲೇ ಹೋಗುತ್ತಾಳೆ.